ದಾರಿಯ ಮೇಲೆ ಬಿಟ್ಟ ಚೀಲ

ಊರಿನ ಸಾರ್ವಜನಿಕ ಶೌಚಾಲಯಗಳೆಲ್ಲ ಶೋನಾ ಕಾರ್ಮೈಕಲ್‌ಗೆ ನೆಂಟರ ಮನೆಗಳಷ್ಟು ಪರಿಚಿತವಾಗಿದ್ದವು. ಗ್ರಂಥಾಲಯದ ಹಿಂದಿನದಕ್ಕೆ ಸಂಜೆಯಾಗುವ ಮೊದಲೇ ಬೀಗ ಬೀಳುತ್ತದೆ, ರಗ್ಬಿ ಮೈದಾನದ್ದರಲ್ಲಿ ಕಾಗದ ಇದ್ದರೆ ಪುಣ್ಯ, ಪೆಟ್ರೋಲ್ ಬಂಕಿನವಳು ಮುಖ ನೋಡಿಯೇ ಕೀಲಿ ಎತ್ತಿ ಕೊಡುತ್ತಾಳೆ. ಹೊಸ ಊರಿಗೆ ಹೋದವರು ಮೊದಲು ಸಮುದ್ರ ಎಲ್ಲಿ ಎಂದು ಕೇಳಿದರೆ, ಶೋನಾ ಮೊದಲು ಆ ಬೋರ್ಡು ಹುಡುಕುತ್ತಾಳೆ. ದೊಡ್ಡಕರುಳಿನ ಉರಿಯೂತ ಹಿಡಿದವರ ಭೂಗೋಳವೇ ಬೇರೆ. ಅದು ಬಂತೆಂದರೆ ಬಂತು. ಸ್ವಲ್ಪ ತಡಿ ಎಂದರೆ ಕೇಳುವ ಜಾಯಮಾನದ್ದಲ್ಲ.

ಇಂಥ ರೋಗ ಬಂದದ್ದು ಒಬ್ಬ ಮಹಾ ಕುತೂಹಲದ ಹೆಂಗಸಿಗೆ. ಕ್ಯಾಂಟರ್ಬರಿ ಬಯಲಿನ ರೈತರ ಹುಲ್ಲುಬೀಜ ಮೊಳೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಒದ್ದೆ ಕಾಗದದ ಮೇಲೆ ಬೀಜ ಹರಡಿ, ಒಂದು ತಟ್ಟೆಯನ್ನು ಬೆಚ್ಚಗೆ, ಇನ್ನೊಂದನ್ನು ತಣ್ಣಗೆ ಇಟ್ಟು, ಇದೇಕೆ ಮೊಳೆಯಿತು, ಅದೇಕೆ ಕೈಕೊಟ್ಟಿತು ಎಂದು ತಲೆ ಕೆರೆದುಕೊಳ್ಳುವುದು ಅವಳ ಒಂದು ಸುಖ. ಇನ್ನೊಂದು ಸುಖ ಬೆಟ್ಟ. ಶನಿವಾರ ಬಂದರೆ ಊರಿನ ಚಾರಣ ಕ್ಲಬ್ಬಿನವರ ಜತೆ ಚೀಲ ಬೆನ್ನಿಗೇರಿಸಿ ಹೊರಟುಬಿಡುತ್ತಿದ್ದಳು.

ಆ ಸುಖ ಲಾಂಗ್‌ಸ್ಪರ್ ಸ್ಯಾಡಲ್ ಎಂಬಲ್ಲಿ ನಿಂತುಹೋಗಿತ್ತು. ಎರಡು ಶಿಖರಗಳ ನಡುವೆ ಕುದುರೆಯ ಜೀನಿನಂತೆ ತಗ್ಗಿದ ಜಾಗ ಅದು. ಕೆಳಗೆ ಬೀಚ್ ಮರಗಳ ಕಾಡು, ಅದರ ನಡುವೆ ಒಂದು ನದಿ, ಕಾಡು ಮುಗಿದ ಮೇಲೆ ಮೊಣಕಾಲೆತ್ತರದ ಟಸಕ್ ಹುಲ್ಲು ಬಿಟ್ಟರೆ ಮರೆಗೆ ಒಂದು ಕಡ್ಡಿಯೂ ಇಲ್ಲ. ಮೂರು ವರ್ಷದ ಕೆಳಗೆ ಆ ಹುಲ್ಲಿನ ನಡುವೆ ಶೋನಾಳ ಹೊಟ್ಟೆ ತಿರುಚಿಕೊಂಡಿತು. ಹಿಂದೆ ಮುಂದೆ ಜನ. ಅವಳು ಒಂದೇ ಉಸಿರಿಗೆ ಕಾಡಿನವರೆಗೆ ಓಡಿ ಇಳಿದಳು, ಆಮೇಲೆ ಮೊಣಕಾಲು ಉಳುಕಿದೆ ಎಂದು ಸುಳ್ಳು ಹೇಳಿ ಮನೆಗೆ ಬಂದಳು. ಆ ಸ್ಯಾಡಲಿನ ಆಚೆ ಏನಿದೆ ಎಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಈ ನಾಡಿನಲ್ಲಿ ಮೊಣಕಾಲಿನ ವಿಷಯ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಕರುಳಿನ ವಿಷಯ ಎತ್ತಿದರೆ ಎಲ್ಲರೂ ಹವಾಮಾನಕ್ಕೆ ಹಾರಿಬಿಡುತ್ತಾರೆ. ಹಾಗಾಗಿ ಕ್ಲಬ್ಬಿನ ಪಾಲಿಗೆ ಶೋನಾ ಮೊಣಕಾಲು ಕೆಟ್ಟವಳಾಗಿಯೇ ಉಳಿದಳು.

ಈ ಸಲ ವರ್ಷಾರಂಭದಲ್ಲಿ ಕರುಳಿನ ಚಿಕಿತ್ಸಾಲಯದ ದಾದಿ ನೈರಿ ಅವಳ ವರದಿಗಳನ್ನು ತಿರುವಿಹಾಕಿ ಹುಬ್ಬು ಗಂಟಿಕ್ಕಿದಳು.

"ಔಷಧಿ ಚೆನ್ನಾಗಿ ಹಿಡ್ದಿದೆ, ಉರಿಯೂತ ತಣ್ಣಗಿದೆ. ಹಂಗಿದ್ರೂ ಯಾಕ್ರೀ ಹಿಂಗೆ ಬಸವಳಿದು ಹೋಗಿದೀರ?"

"ಅದನ್ನ ನೀವೇ ಹೇಳ್ಬೇಕಮ್ಮ. ಆಫೀಸಿಂದ ಬಂದು ಸೋಫಾ ಮೇಲೆ ಬಿದ್ರೆ, ಎದ್ದು ಕೆಟ್ಲಿಗೆ ನೀರಿಡೋಕೂ ತ್ರಾಣ ಇರಲ್ಲ."

"ನಡೀರಿ ಹಂಗಾದ್ರೆ. ದಿನಾ ಸ್ವಲ್ಪ ಸ್ವಲ್ಪ."

"ಸೋರೋ ಪಾತ್ರೇನ ಹಿಡಿದು ಕುಲುಕು ಅಂತೀರಲ್ಲ!"

ನೈರಿ ನಕ್ಕಳು. "ರೋಗ ಕೆರಳಿದಾಗ ಮಲಗಿ, ಯಾರು ಬೇಡ ಅಂದ್ರು? ತಣ್ಣಗಿದ್ದಾಗ ನಡೀರಿ. ಔಷಧಿ ಬಿಡಬೇಡಿ, ಇದು ಅದರ ಬದಲಿಗಲ್ಲ. ಇಲ್ಲಿಗೆ ಬರೋರಲ್ಲಿ ಎಷ್ಟೋ ಜನಕ್ಕೆ ಇದರಿಂದ ಸುಸ್ತು ಕಮ್ಮಿ ಆಗಿದೆ, ನಿದ್ದೆ ಬಂದಿದೆ. ನಿಮಗೇನಾಗತ್ತೋ, ನಾನು ಹೇಳಲಾರೆ."

ಸುಸ್ತು ಕಮ್ಮಿಯಾಗುತ್ತದೆ ಎಂಬ ಮಾತನ್ನು ಶೋನಾ ನಂಬಲಿಲ್ಲ. ಆದರೆ "ನಾನು ಹೇಳಲಾರೆ" ಎಂಬುದು ಮನಸ್ಸಿಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ಯಾರಿಗೂ ಗೊತ್ತಿಲ್ಲದ್ದು ಇಲ್ಲೇ ತನ್ನ ಮೈಯೊಳಗೇ ಇದೆ ಎಂದರೆ ಅವಳಂಥವಳು ಸುಮ್ಮನಿರುವುದುಂಟೆ?

ಮರುದಿನದಿಂದಲೇ ಶುರು. ತನ್ನ ಬೀದಿಯನ್ನು ಸುತ್ತು ಹಾಕಿ ಬರುವುದು, ಮತ್ತೆ ಸುತ್ತುವುದು. ಹಾಗಾದರೆ ಮನೆಯ ಬಾಗಿಲು ಎಂದೂ ದೂರವಾಗುವುದಿಲ್ಲ. ಗೂಟಕ್ಕೆ ಕಟ್ಟಿದ ಮೇಕೆಯಂತೆ ಅವಳು ತಿರುಗುವುದನ್ನು ನೋಡಿ ನೋಡಿ, ಗುಲಾಬಿ ಕತ್ತರಿಸುತ್ತಿದ್ದ ಎದುರುಮನೆಯ ಮುದುಕ ಕೊನೆಗೆ ಕೇಳಿಯೇಬಿಟ್ಟ.

"ಏನಮ್ಮಾ, ಏನಾದ್ರೂ ಕಳ್ಕೊಂಡ್ಯಾ?"

"ಹೌದು, ಇನ್ನೂ ಸಿಕ್ಕಿಲ್ಲ" ಎಂದು ಶೋನಾ ನಿಲ್ಲದೆ ಮುಂದೆ ಹೋದಳು.

ಮೊದಮೊದಲು ಸುಸ್ತು ಹೆಚ್ಚೇ ಆಯಿತು. ನೈರಿಗೆ ಮನಸ್ಸಿನಲ್ಲೇ ಸಹಸ್ರನಾಮ ಆಯಿತು. ಆಮೇಲೆ ಒಂದು ಸಂಜೆ ಸೋಫಾ ಮೇಲೆ ಬೀಳುವುದನ್ನು ಮರೆತು, ಸಾರು ಕುದಿಸಿ, ಪಾತ್ರೆಯನ್ನೂ ತೊಳೆದು ನಿಂತ ಮೇಲೆ ಅವಳಿಗೆ ಗೊತ್ತಾಯಿತು, ಏನೋ ಬದಲಾಗಿದೆ ಎಂದು. ಇದು ಕಾಕತಾಳೀಯವಿರಬೇಕು ಎಂದು ಬೇಕೆಂತಲೇ ಕೆಲವು ದಿನ ನಡಿಗೆ ಬಿಟ್ಟಳು. ಹಳೆಯ ಸುಸ್ತು ಹೇಳಿ ಕಳಿಸಿದಂತೆ ಬಂತು. ಮತ್ತೆ ನಡೆದಳು, ಮತ್ತೆ ಹೋಯಿತು. ಕೊಡದಿಂದ ನೀರು ಸುರಿದಷ್ಟೂ ಕೊಡ ತುಂಬಿಕೊಳ್ಳುತ್ತಿದೆ! ಆದರೆ ಕರುಳು ಮಾತ್ರ ಹಳೆಯ ಚಾಳಿ ಬಿಟ್ಟಿರಲಿಲ್ಲ, ಓಡಬೇಕಾದಾಗ ಓಡಲೇಬೇಕಿತ್ತು. ರೋಗ ಇದ್ದ ಹಾಗೇ ಇದ್ದು ದಿನ ಮಾತ್ರ ದೊಡ್ಡದಾಗುವುದು ಹೇಗೆ ಎಂಬುದು ಅವಳಿಗೆ ಬಗೆಹರಿಯಲಿಲ್ಲ, ಅದು ಬಗೆಹರಿಯದ್ದೇ ಒಂದು ಖುಷಿಯಾಯಿತು.

ಬೀದಿಯಿಂದ ನದಿಯ ಏರಿಗೆ, ಏರಿಯಿಂದ ಊರಾಚೆಯ ದಿಬ್ಬಕ್ಕೆ ಬಂದಳು. ಆ ದಿಬ್ಬದ ಮೇಲೆ ನಿಂತರೆ ದೂರದ ಬೆಟ್ಟಸಾಲು ಕಾಣುತ್ತದೆ. ಅದನ್ನು ನೋಡಿದ ದಿನ ಅವಳಿಗೆ ಹೊಟ್ಟೆ ಉರಿಯಿತು, ಈ ಸಲ ರೋಗದಿಂದಲ್ಲ. ನನ್ನ ಬೆಟ್ಟ ನನಗೆ ವಾಪಸ್ಸು ಬೇಕು ಎಂದು ಗಟ್ಟಿಯಾಗಿಯೇ ಹೇಳಿಕೊಂಡಳು.

ಶರತ್ಕಾಲದ ಒಂದು ಶನಿವಾರ ಕ್ಲಬ್ಬಿನವರು ಲಾಂಗ್‌ಸ್ಪರ್‌ಗೆ ಹೋಗುವವರಿದ್ದರು. ಹಳೆಯ ಗೆಳತಿ ರೇವಿನ್ ಫೋನ್ ಮಾಡಿ, "ಮೊಣಕಾಲು ಹೆಂಗಿದೆಯೇ? ಬರ್ತೀಯಾ?" ಎಂದು ಕೇಳಿದಳು. ಶೋನಾ "ಬರ್ತೀನಿ" ಎಂದಳು. ಇದೂ ಕೈಗೂಡದಿದ್ದರೆ ಬೂಟುಗಳನ್ನು ಯಾರಿಗಾದರೂ ಕೊಟ್ಟುಬಿಡುವುದು ಎಂದು ಒಳಗೊಳಗೇ ತೀರ್ಮಾನಿಸಿದ್ದಳು.

ಹೊರಟವರು ಐವರು. ಮುಂದೆ ರೇವಿನ್, ಅವಳ ಹಿಂದೆ ಬೇಕರಿ ಮಾರಿ ಆರಾಮಾಗಿದ್ದ ಲೆಸ್ ಮತ್ತು ಜಾಯ್ಸ್ ದಂಪತಿ, ನಡುವೆ ಶೋನಾ, ಕೊನೆಯಲ್ಲಿ ಮುಖಂಡ ಮರ್ಡೊ. ಎಪ್ಪತ್ತು ದಾಟಿದರೂ ಚಳಿಗಾಲದಲ್ಲೂ ಚಡ್ಡಿ ಬಿಡದ ಆಸಾಮಿ. ಅವನ ಗಡ್ಡಕ್ಕಿಂತ ಅವನ ಮಾತು ಒರಟು. ಹೊರಡುವ ಜಾಗದಲ್ಲಿದ್ದ ಗುಂಡಿ ಶೌಚಾಲಯಕ್ಕೆ ಶೋನಾ ಎರಡು ಸಲ ಹೋಗಿಬಂದಳು. ಜಾಯ್ಸ್ ಬಾದಾಮಿ, ಒಣದ್ರಾಕ್ಷಿ, ಚಾಕೊಲೇಟು ಕಲಸಿದ ಪೊಟ್ಟಣ ಚಾಚಿದಾಗ, "ಬೇಡ, ಈಗಷ್ಟೇ ತಿಂದೆ" ಎಂದಳು. ತಿಂದದ್ದು ಒಣ ಬ್ರೆಡ್ಡಿನ ಒಂದು ತುಂಡು.

ಕಾಡಿನ ದಾರಿಯಲ್ಲಿ ಈ ಜನಕ್ಕೊಂದು ಪದ್ಧತಿ ಉಂಟು. ಯಾರಿಗಾದರೂ ಪೊದೆಯ ಹಿಂದೆ ಹೋಗಬೇಕಾದರೆ ಬೆನ್ನಿನ ಚೀಲವನ್ನು ದಾರಿಯ ಮೇಲೆ ಇಟ್ಟು ಹೋಗಬೇಕು. ಒಂಟಿ ಚೀಲ ನಿಂತಿದ್ದರೆ ಅದರ ಒಡೆಯ ಹತ್ತಿರದಲ್ಲೇ ಇದ್ದಾನೆ ಎಂದರ್ಥ. ಹಿಂದಿನಿಂದ ಬಂದವರು ಅಲ್ಲೇ ನಿಂತು, ಯಾವ ಪ್ರಶ್ನೆಯನ್ನೂ ಕೇಳದೆ ಕಾಯುತ್ತಾರೆ. ಚೀಲ ದಾಟಿ ಹೋಗುವ ಹಾಗಿಲ್ಲ.

ಏರು ಶುರುವಾದ ಮೇಲೆ ಶೋನಾ ಒಂದು ಸಲ ಚೀಲ ಇಟ್ಟಳು. ಮರ್ಡೊ ನಿಂತು ಸಿಳ್ಳೆ ಹಾಕುತ್ತ ಮರದ ತುದಿ ನೋಡಿದ. ಸ್ವಲ್ಪ ಮುಂದೆ ಹೋಗಿ ಇನ್ನೊಂದು ಸಲ ಇಟ್ಟಳು. ಮರ್ಡೊ ಸಿಳ್ಳೆ ಹಾಕಲಿಲ್ಲ, ಗಂಟಲು ಸರಿಮಾಡಿಕೊಂಡ. ಅಷ್ಟಕ್ಕೇ ಅವಳ ಕಿವಿ ಕೆಂಪಾಯಿತು. ಮೂರನೆಯ ಸಲ ಹೊಟ್ಟೆ ಹಿಂಡಿದಾಗ ಅವಳು ಒಂದು ತಿರುವಿನಲ್ಲಿದ್ದಳು. ಮುಂದಿನವರು ಮರೆಯಾಗಿದ್ದರು, ಹಿಂದಿನವನು ಇನ್ನೂ ಬಂದಿರಲಿಲ್ಲ. ಮತ್ತೆ ಚೀಲ ಇಟ್ಟರೆ ಮರ್ಡೊ ಏನೆಂದುಕೊಂಡಾನು? ಮೂರು ಸಲ ಪೊದೆಗೆ ಹೋದವಳ ಮೊಣಕಾಲಿನ ಸುಳ್ಳನ್ನು ಇನ್ನು ಯಾರು ನಂಬಿಯಾರು? ಅವಳು ಚೀಲ ಸಮೇತ ಪೊದೆಗೆ ನುಗ್ಗಿದಳು. ದಾರಿಯಿಂದ ಕಾಣಬಾರದೆಂದು ಇನ್ನೂ ಒಳಗೆ, ಇನ್ನೂ ಕೆಳಗೆ ಹೋದಳು. ಈ ಒಂದು ಮೂರ್ಖತನಕ್ಕೆ ಅವಳ ಇಡೀ ಬುದ್ಧಿವಂತಿಕೆಯೂ ಸಾಟಿಯಾಗಲಿಲ್ಲ.

ಮರ್ಡೊ ತಿರುವಿಗೆ ಬಂದ. ಚೀಲ ಇಲ್ಲ, ಶೋನಾ ಇಲ್ಲ. ಬಿರುಸಾಗಿ ನಡೆದು ರೇವಿನ್ ಜತೆ ಸೇರಿಕೊಂಡಿದ್ದಾಳೆ ಎಂದುಕೊಂಡು ಮುಂದೆ ಹೋದ. ಮುಂದಿದ್ದ ರೇವಿನ್, ಅವಳು ಮರ್ಡೊನ ಜತೆ ಇದ್ದಾಳೆ ಎಂದುಕೊಂಡಳು.

ಪೊದೆಯಿಂದ ಎದ್ದ ಶೋನಾ ಸುತ್ತ ನೋಡಿದಳು. ಎತ್ತ ನೋಡಿದರೂ ಒಂದೇ ಥರದ ಕಪ್ಪು ಕಾಂಡಗಳು, ಒಂದೇ ಥರದ ಪಾಚಿ. ದಾರಿಗುಂಟ ಮರಗಳಿಗೆ ಹೊಡೆದಿರುವ ಕಿತ್ತಳೆ ಬಣ್ಣದ ತ್ರಿಕೋನ ಒಂದೂ ಕಾಣಲಿಲ್ಲ. ದಾರಿಯೆಂದುಕೊಂಡು ಹತ್ತಿದ್ದು ಜಿಂಕೆ ತುಳಿದ ಜಾಡು. ಅದು ಒಂದು ಬಿದ್ದ ಮರದ ಹತ್ತಿರ ಮುಗಿದೇಹೋಯಿತು. ಬೀಸಣಿಗೆಯಂಥ ಬಾಲದ ಪುಟ್ಟ ಹಕ್ಕಿಯೊಂದು ಅವಳ ಕಾಲಡಿಯಿಂದ ಎದ್ದ ಹುಳಗಳನ್ನು ಹಿಡಿಯುತ್ತ ಸುತ್ತಮುತ್ತ ಕುಣಿಯಿತು.

ಮೇಲೆಲ್ಲೋ ಕೂಗು ಕೇಳಿಸಿತು. "ಶೋನಾ!" ರೇವಿನ್‌ಳ ದನಿ, ಗಾಬರಿಯ ದನಿ. ಚೀಲದ ಪಟ್ಟಿಗೆ ಪೀಪಿ ಕಟ್ಟಿತ್ತು. ಊದಿದರೆ ಬರುತ್ತಾರೆ. ಬಂದರೆ, ಇಷ್ಟು ದೂರ ಯಾಕೆ ಬಂದೆ ಎಂದು ಕೇಳುತ್ತಾರೆ. ಶೋನಾ ಪೀಪಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ನೋಡಿ, ಕಾಡಿನಲ್ಲಿ ದಿಕ್ಕು ತಪ್ಪಿದ ಹೆಂಗಸು ಸಹಾಯಕ್ಕೆ ಕರೆಯಲು ನಾಚುತ್ತಾಳೆ! ಜೀವಕ್ಕಿಂತ ಮಾನ ದೊಡ್ಡದಾಯಿತು, ಅದೂ ಪ್ರಾಣಿಗಳೆಲ್ಲ ದಿನಾ ಮಾಡುವ ಕೆಲಸಕ್ಕಾಗಿ.

ಹಾಗೆ ನಿಂತಾಗ ಅವಳೊಳಗಿನ ಬೀಜ ಪರೀಕ್ಷಕಿ ಎಚ್ಚರವಾದಳು. ಹೆದರಿಕೆಯಿಂದ ಎದೆ ಡವಡವ ಎನ್ನುತ್ತಿದೆ, ಅಂಗೈ ಬೆವರಿದೆ. ಆದರೆ ಹೊಟ್ಟೆ? ಹೊಟ್ಟೆ ತೆಪ್ಪಗಿದೆ. ಭಯವೇ ಹೊಟ್ಟೆಯನ್ನು ಕೆಡಿಸುತ್ತದೆ ಎಂದಿದ್ದರೆ ಈಗ ಕೆಡಬೇಕಿತ್ತಲ್ಲ! ಕಾಲುಗಳಾದರೂ ಸೋತಿವೆಯೇ ಎಂದು ಒಂದೊಂದನ್ನೇ ಎತ್ತಿ ನೋಡಿದಳು. ಸೋತಿರಲಿಲ್ಲ. ಬೆಳಗಿನಿಂದ ಇಷ್ಟು ಏರು ಹತ್ತಿದ್ದಾಳೆ, ಆದರೂ ಮೈಯಲ್ಲಿ ಕಸುವಿದೆ. ಹಾಗಾದರೆ ಈ ಮೂರು ವರ್ಷ ಬೆಟ್ಟವನ್ನು ತನ್ನಿಂದ ಕಿತ್ತುಕೊಂಡದ್ದು ಯಾರು? ಅರ್ಧ ಕರುಳು, ಒಪ್ಪಿದೆ. ಇನ್ನರ್ಧ? ತನ್ನದೇ ನಾಚಿಕೆ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪೀಪಿ ಊದಿದಳು, ಕಿವಿ ಹರಿಯುವ ಹಾಗೆ ಊದಿದಳು.

ಮರ್ಡೊ ಪೊದೆ ಮುರಿದುಕೊಂಡು ಬಂದ, ಮುಖವೆಲ್ಲ ಕೆಂಪಾಗಿತ್ತು. ಅವಳ ಕೈಕಾಲು ನೆಟ್ಟಗಿರುವುದನ್ನು ನೋಡಿ ನಿಟ್ಟುಸಿರು ಬಿಟ್ಟ. ಅದಾದ ಮೇಲೆ ಶುರುಮಾಡಿದ.

"ಚೀಲ ಎಲ್ಲಿತ್ತು?"

"ನನ್ ಹತ್ರಾನೇ."

"ನಿನ್ ಹತ್ರ ಯಾಕಿತ್ತು? ತಲೇಲಿ ಏನು ತುಂಬಿದೆ ನಿಂಗೆ, ಹೊಟ್ಟಾ? ನದಿ ಹತ್ರ ಹೋಗಿ ತಲೆ ಎಣಿಸಿದ್ರೆ ಒಂದು ಕಮ್ಮಿ! ಆ ರೇವಿನ್, ನೀನು ನೀರಲ್ಲಿ ಕೊಚ್ಚಿಕೊಂಡು ಹೋದೆ ಅಂತ ಅಳ್ತಾ ಕೂತಿದ್ಲು, ಗೊತ್ತಾ?"

ಅವನ ಹಿಂದೆಯೇ ಉಳಿದವರು ಏದುಸಿರು ಬಿಡುತ್ತ ಬಂದು ನಿಂತರು. ರೇವಿನ್‌ಳ ಕಣ್ಣು ನಿಜವಾಗಿಯೂ ಊದಿತ್ತು. ಅದನ್ನು ನೋಡಿದ ಮೇಲೆ ಇನ್ನೊಂದು ಸುಳ್ಳು ಹೇಳಲು ಶೋನಾಗೆ ಬಾಯಿ ಬರಲಿಲ್ಲ.

"ನನ್ನ ಮೊಣಕಾಲಿಗೆ ಏನೂ ಆಗಿಲ್ಲ" ಎಂದಳು. "ಯಾವತ್ತೂ ಆಗಿರ್ಲಿಲ್ಲ. ನಂಗೆ ದೊಡ್ಡಕರುಳಿನ ರೋಗ ಇದೆ. ಬಂದ್ರೆ ತಡಿಯೋಕಾಗಲ್ಲ. ಎರಡು ಸಲ ಚೀಲ ಇಟ್ಟೆ, ನೀವು ಕಾದ್ರಿ. ಮೂರನೇ ಸಲಾನೂ ಇಡೋಕೆ ಮುಖ ಇರ್ಲಿಲ್ಲ. ಅದಕ್ಕೇ ಎತ್ಕೊಂಡು ಓಡಿದೆ. ನಾಚ್ಕೆ ಆಯ್ತು, ಅಷ್ಟೆ."

ಯಾರೂ ಹವಾಮಾನಕ್ಕೆ ಹಾರಲಿಲ್ಲ.

"ಅಲ್ವೇ," ಎಂದು ಮೊದಲು ಬಾಯಿ ಬಿಟ್ಟವಳು ರೇವಿನ್, "ಕ್ರಿಸ್‌ಮಸ್ಸಿಗೆ ನಿನ್ನ ಮೊಣಕಾಲಿಗೆ ಅಂತ ಮುಲಾಮು ತಂದ್ಕೊಟ್ಟೆನಲ್ಲೇ! ಏನ್ಮಾಡಿದೆ ಅದನ್ನ?"

"ಕೊಟ್ಟಿಗೆ ಬಾಗಿಲಿನ ಕೀಲುಗಳಿಗೆ ಹಚ್ಚಿದೆ ಕಣೇ. ಈಗ ಸದ್ದೇ ಮಾಡಲ್ಲ."

ಲೆಸ್ ಫಕ್ಕನೆ ನಕ್ಕ. ರೇವಿನ್ ಅಳುತ್ತಲೇ ನಗುತ್ತ ಶೋನಾಳ ಭುಜಕ್ಕೆ ಒಂದು ಗುದ್ದು ಕೊಟ್ಟಳು, ಆಮೇಲೆ ಅಪ್ಪಿಕೊಂಡಳು. ಜಾಯ್ಸ್ ಮಾತ್ರ ತಲೆ ಓರೆಮಾಡಿ ಯೋಚಿಸುತ್ತಿದ್ದಳು.

"ಹಂಗಾದ್ರೆ ನಡೆದ್ರೆ ಅದು ಹೆಚ್ಚಾಗಲ್ವೇನಮ್ಮಾ?"

"ಅದೇ ತಮಾಷೆ ನೋಡಿ!" ಶೋನಾಳ ಮುಖ ಅರಳಿತು. "ಹೆಚ್ಚೂ ಆಗ್ಲಿಲ್ಲ, ಕಮ್ಮೀನೂ ಆಗ್ಲಿಲ್ಲ. ಆದ್ರೆ ಸುಸ್ತು ಹೋಯ್ತು. ನಡಿಗೆ ನಿಲ್ಸಿ ನೋಡಿದೆ, ಸುಸ್ತು ವಾಪಸ್ ಬಂತು. ಯಾಕೆ ಅಂತ ಗೊತ್ತಿಲ್ಲ. ಎಲ್ಲರಿಗೂ ಹಿಂಗೇ ಆಗತ್ತೆ ಅಂತಾನೂ ಹೇಳಕ್ಕಾಗಲ್ಲ, ನಾನು ಒಬ್ಳೇ ಒಂದು ಬೀಜ."

ಮರ್ಡೊ ಆಕಾಶ ನೋಡಿದ, ಗಡಿಯಾರ ನೋಡಿದ. ಹೊತ್ತು ಸಾಕಷ್ಟು ಹಾಳಾಗಿತ್ತು. ಅವನು ವಾಪಸ್ಸು ಎಂದರೆ ವಾಪಸ್ಸೇ. ಅದಕ್ಕೆ ಯಾರೂ ಎದುರಾಡುವುದಿಲ್ಲ. ಶೋನಾ ಅವನ ಬಾಯನ್ನೇ ನೋಡುತ್ತ ನಿಂತಳು. ಇವತ್ತು ಇಲ್ಲಿಂದ ಇಳಿದರೆ ತಾನು ಮತ್ತೆ ಹತ್ತುವುದಿಲ್ಲ ಎಂದು ಅವಳಿಗೆ ಖಚಿತವಾಗಿತ್ತು.

"ನಂಗೆ ಮೇಲೆ ಹೋಗ್ಬೇಕು ಮರ್ಡೊ" ಎಂದಳು. "ತುಂಬಾ ಆಸೆ ಇದೆ."

"ಮೇಲೆ ಒಂದು ಮರಾನೂ ಇಲ್ಲ, ಗೊತ್ತು ತಾನೆ?"

"ಗೊತ್ತು. ಹೋದ ಸಲ ಅದಕ್ಕೇ ಓಡಿ ಬಂದದ್ದು."

ಮರ್ಡೊ ಗಡ್ಡ ಕೆರೆದುಕೊಂಡ. "ಊಟಕ್ಕೆ ಕೂರೋದು ಬೇಡ, ನಡೀತಾ ತಿನ್ನೋಣ. ನೀನು ಮುಂದೆ ನಡಿ. ಮುಂದಿರೋರು ನಿಂತ್ರೆ ಎಲ್ಲರೂ ನಿಲ್ತಾರೆ, ಮುಂದಿರೋರನ್ನ ಯಾರೂ ದಾಟಲ್ಲ. ನಿಲ್ಲಬೇಕು ಅನ್ನಿಸಿದ್ರೆ ಬಾಯ್ಬಿಟ್ಟು ಹೇಳು. ಇನ್ನೊಂದ್ಸಲ ಮಾಯ ಆದ್ರೆ ಮಾತ್ರ ನಾನೇ ನಿನ್ನ ನದಿಗೆ ಹಾಕ್ತೀನಿ."

ಐವರೂ ಒಬ್ಬರ ಚೀಲದ ಪಟ್ಟಿ ಇನ್ನೊಬ್ಬರು ಹಿಡಿದು ನದಿ ದಾಟಿದರು. ನೀರು ಎಲುಬಿಗೆ ತಾಗುವಷ್ಟು ಕೊರೆಯುತ್ತಿತ್ತು. ಆಚೆ ದಡದಿಂದ ಶೋನಾ ಮುಂದೆ ನಡೆದಳು. ಕಾಡು ತೆಳುವಾಯಿತು, ಕುಳ್ಳಾಯಿತು, ಮುಗಿಯಿತು. ಹುಲ್ಲಿನ ಮೇಲೆ ಬಿಸಿಲು ಬಿದ್ದು ಇಡೀ ಗುಡ್ಡ ಜೇನಿನ ಬಣ್ಣಕ್ಕೆ ತಿರುಗಿತ್ತು. ಬಂಡೆಯ ಸಂದಿನಲ್ಲಿ ಬೂದು ಬಣ್ಣದ, ಕುರಿಯ ಉಣ್ಣೆಯಂಥ ಗಿಡವೊಂದು ಬೆಳೆದಿತ್ತು. ಇಷ್ಟು ಚಳಿಯಲ್ಲಿ ಇದರ ಬೀಜ ಹೇಗೆ ಮೊಳೆಯುತ್ತದಪ್ಪಾ ಎಂದು ಯೋಚಿಸುತ್ತಲೇ ಹತ್ತಿದಳು.

"ಏ ತಾಯಿ! ನಿಧಾನ!" ಹಿಂದಿನಿಂದ ಮರ್ಡೊ ಕೂಗಿದ. "ಕೆಟ್ಟಿರೋದು ಕರುಳು ಅಂದೆ. ಕಾಲಿಗೇನು ಎಂಜಿನ್ ಹಾಕಿಸ್ಕೊಂಡಿದೀಯಾ? ನನ್ನ ಮೊಣಕಾಲು ನಿಜವಾಗ್ಲೂ ನೋಯತ್ತೆ!"

ಶೋನಾ ತಿರುಗಿ ನೋಡಿದಳು. ನಾಲ್ವರೂ ಬಹಳ ಕೆಳಗಿದ್ದರು. ಇಷ್ಟು ಹೊತ್ತು ತನಗೆ ಹೊಟ್ಟೆಯ ನೆನಪೇ ಆಗಲಿಲ್ಲ ಎಂದು ಅವಳಿಗೆ ಹೊಳೆಯಿತು. ಮೂರು ವರ್ಷದಲ್ಲಿ ಇದೇ ಮೊದಲು.

ನೆನಪಾದದ್ದೇ ತಪ್ಪಾಯಿತೋ ಏನೋ. ಸ್ಯಾಡಲ್ ಇನ್ನು ಕೂಗಳತೆಯಲ್ಲಿದೆ, ಉಳಿದವರು ಬಂದು ಸೇರಿಕೊಂಡಿದ್ದಾರೆ, ಅಷ್ಟರಲ್ಲಿ ಹೊಟ್ಟೆ ಹಿಂಡಿತು. ಅದೇ ಹುಲ್ಲು, ಅದೇ ಬಯಲು. ಕಾಡು ಎಷ್ಟೋ ಕೆಳಗಿತ್ತು. ಶೋನಾಳ ಕಾಲು ತಾನಾಗಿ ಕೆಳಗಿನ ದಾರಿಗೆ ತಿರುಗಿತು, ಆದರೆ ಅವಳು ಹಲ್ಲು ಕಚ್ಚಿ ನಿಂತಳು.

"ನಿಲ್ಲಿ" ಎಂದಳು. "ನಂಗೆ ಈಗ್ಲೇ ಹೋಗ್ಬೇಕು. ಇಲ್ಲೇ."

ಮರ್ಡೊ ಹಿಂದೆ ಮುಂದೆ ನೋಡಲಿಲ್ಲ. "ಎಲ್ಲಾರೂ ಕೆಳಗಡೆ ಮುಖ ಮಾಡಿ!" ಎಂದು ಗುಡುಗಿದ. "ಲೆಸ್, ನೀನೂ. ಜಾಯ್ಸ್, ಅವನ ಕುತ್ತಿಗೆ ಹಿಡ್ಕೊ."

ನಾಲ್ಕು ಬೆನ್ನುಗಳು ಸಾಲಾಗಿ ನಿಂತವು. ಶೋನಾ ಗುಂಡಿ ತೋಡಲೆಂದು ಚೀಲದಲ್ಲಿಟ್ಟಿದ್ದ ಪುಟ್ಟ ಸಲಿಕೆ ಹಿಡಿದು ಹುಲ್ಲಿನೊಳಗೆ ಕುಳಿತಳು. ಮರ್ಡೊ ಕೈ ಚಾಚಿ ಕೆಳಗೆ ಕಾಣುವ ಶಿಖರ, ಹೊಳೆ, ಕುರಿಹಟ್ಟಿಗಳ ಹೆಸರನ್ನೆಲ್ಲ ಗಂಟಲು ಹರಿಯುವಂತೆ ಹೇಳತೊಡಗಿದ, ಅವನ ಸದ್ದಿನ ಮುಂದೆ ಬೇರೆ ಯಾವ ಸದ್ದೂ ಕೇಳುವಂತಿರಲಿಲ್ಲ. ಅರ್ಧದಲ್ಲಿ ಹೆಸರು ಮರೆತು ಒಂದೇ ಶಿಖರವನ್ನು ಎರಡು ಸಲ ಹೇಳಿದ. ಲೆಸ್ ತಿದ್ದಿದ, ಇಬ್ಬರೂ ಜಗಳಕ್ಕೆ ಬಿದ್ದರು. ಹುಲ್ಲಿನ ನಡುವೆ ಕುಳಿತ ಶೋನಾಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಅವಳು ಯಾವುದನ್ನೂ ತಡೆಯಲಿಲ್ಲ.

"ಬೇಗ ಮುಗ್ಸೇ ಮಾರಾಯ್ತಿ, ಚಳಿ!" ಎಂದು ರೇವಿನ್ ಆ ಕಡೆಯೇ ಮುಖ ಮಾಡಿ ಕೂಗಿದಳು. "ಆಚೆ ಏನಿದೆ ಅಂತ ನೀನು ಮೊದ್ಲು ನೋಡೋವರ್ಗೂ ನಾವ್ಯಾರೂ ಹೋಗೋ ಹಂಗಿಲ್ಲ."

ಅವಳು ಎದ್ದು, ಕೈ ತೊಳೆದು, ಬಟ್ಟೆ ಸರಿಮಾಡಿಕೊಂಡು "ಆಯ್ತು" ಎನ್ನುವವರೆಗೂ ಒಬ್ಬರೂ ತಿರುಗಲಿಲ್ಲ.